ಚೀಲ ಕಾಯುವ ಸಂಶೋಧಕಿ

ಸರ್ಕಾರಿ ಕಚೇರಿಗಳಲ್ಲಿ ಜನ ಯಾಕಿಷ್ಟು ಕಾಯುತ್ತಾರೆಂದು ಕಂಡುಹಿಡಿಯಲು ಅವಳಿಗೆ ಅನುದಾನ ಸಿಕ್ಕಿತ್ತು. ಕೂತು ಕಾಯುವುದಕ್ಕೂ ಸಂಬಳ. ಇದಕ್ಕಿಂತ ಲಾಭದ ವ್ಯಾಪಾರ ಉಂಟೇ? ಸರತಿಯವರು ಅವಳನ್ನು 'ಕಾಯೋ ಅಕ್ಕ' ಎಂದು ಕರೆದು, ತಮ್ಮ ಜಾಗದಲ್ಲಿ ಚೀಲವಿಟ್ಟು, ಅವಳಿಗೆ ಒಪ್ಪಿಸಿ ಚಹಾಕ್ಕೆ ಹೋಗುತ್ತಿದ್ದರು.

ಅನುದಾನ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಅಧಿಕಾರಿ ಬಂದಾಗಲೂ ಸಾಲಿನಲ್ಲಿದ್ದದ್ದು ಬರೀ ಚೀಲಗಳೇ.

"ಏನಮ್ಮಾ, ಸಂಶೋಧನೆ ಅಂದ್ರೆ ಚೀಲ ಕಾಯೋದಾ?"

ಅವಳು ಮುಚ್ಚಿದ್ದ ಕೌಂಟರಿನ ಕಿಟಕಿಯತ್ತ ಕೈ ತೋರಿಸಿದಳು. "ಕಿಟಕಿ ಯಾವಾಗ ತೆಗೀತಾರೆ ಅಂತ ಯಾರಿಗೂ ಗೊತ್ತಿಲ್ಲ ಸಾರ್. ಅದನ್ನೇ ನೋಡ್ತಿದ್ದೀನಿ."

ತಾವು ಬಂದುಹೋದದ್ದಕ್ಕೆ ಮೊಹರು ಹಾಕಿಸಲು ಅಧಿಕಾರಿಗೂ ಅದೇ ಕಿಟಕಿ ಬೇಕಿತ್ತು. ಬಡಿದರು, ಆಕಳಿಸಿದರು, ಕೊನೆಗೆ ಸಾಲಿನ ತುದಿಯಲ್ಲಿ ತಮ್ಮ ಚೀಲವಿಟ್ಟರು.

"ಅಕ್ಕಾ, ಸ್ವಲ್ಪ ನೋಡ್ಕೋತೀರಾ? ಹಾಗೇ ಇನ್ನೊಂದು ವರ್ಷ ಇಲ್ಲೇ ಕೂತಿರಿ."

ಅವಳು ನಕ್ಕು, ಆ ಚೀಲವನ್ನೂ ನೆಟ್ಟಗೆ ನಿಲ್ಲಿಸಿದಳು. ಮುಂದಕ್ಕೆ ಮಾತ್ರ ಸರಿಸಲಿಲ್ಲ.