ಎಸೆನ್‌ಗುಲ್ ತಾತ ಚಹಾ ಕೇಳಿದ ಕಡೆ

ನರೀನ್ ಊರಿನ ಸಣ್ಣ ಮ್ಯೂಸಿಯಮ್ಮಿನಲ್ಲಿ ಝಿಪಾರ್ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಮೊದಲು ಜಮಖಾನೆಗಳ ಧೂಳು ಹೊಡೆಯುತ್ತಿದ್ದಳು. ಕಂಪ್ಯೂಟರ್ ಬಂದ ಮೇಲೆ ಅದೂ ಅವಳ ತಲೆಗೇ ಬಂತು. ಅದರೊಳಗೆ ಇದ್ದದ್ದು ಹಿರಿಯರು ಬಾಯಲ್ಲಿ ಹೇಳಿದ ವಂಶಾವಳಿಗಳ ರೆಕಾರ್ಡಿಂಗು, ಒಟ್ಟು ನಲವತ್ತೊಂದು.

ಒಂದು ವಾರದಿಂದ ಕಂಪ್ಯೂಟರಿನ ಡಿಸ್ಕು ಟಿಕ್ ಟಿಕ್ ಅನ್ನುತ್ತಿತ್ತು. ಅದು ಸಾಯುವ ಮೊದಲು ಎಲ್ಲಕ್ಕೂ ಇನ್ನೊಂದು ಪ್ರತಿ ಆಗಬೇಕಿತ್ತು. ಬ್ಯಾಕಪ್ ಮಾಡುವ ಪ್ರೋಗ್ರಾಮು ನಲವತ್ತನ್ನು ಸುಸೂತ್ರವಾಗಿ ಮುಗಿಸಿ, ಕೊನೆಯದಕ್ಕೆ ಬಂದು ಬಿದ್ದುಹೋಗುತ್ತಿತ್ತು. ಆರು ದಿನ, ಆರು ಸಲ. ಕೊನೆಯದು ಎಸೆನ್‌ಗುಲ್ ತಾತನದು. ಹೋದ ಚಳಿಗಾಲದಲ್ಲಿ ತಾತ ತೀರಿಕೊಂಡಿದ್ದ.

ರಾಜಧಾನಿ ಬಿಷ್ಕೆಕ್‌ನಲ್ಲಿದ್ದ ತಾಲಂತ್‌ಗೆ ಫೋನು ಮಾಡಿದಳು. ಮ್ಯೂಸಿಯಮ್ಮಿನ ಯಂತ್ರ ರಿಪೇರಿ ಅವನದೇ. ಅಕ್ಕ ಅನ್ನುವ ಹಾಗೆ ಅವಳನ್ನು ಎಜೆ ಅನ್ನುತ್ತಿದ್ದ.

"ಮೆಮೊರಿ ಸಾಲ್ತಿಲ್ಲ ಎಜೆ. ಒಂದು ಪ್ರೋಗ್ರಾಮು ಇಷ್ಟೇ ತಗೋಬೇಕು ಅಂತ ಮಿತಿ ಇರುತ್ತೆ. ಮೀರಿದ್ರೆ ಕಂಪ್ಯೂಟರೇ ಅದರ ಕತ್ತು ಹಿಸುಕುತ್ತೆ. ಮಿತಿ ಏರಿಸಿ."

ಏರಿಸಿದಳು. ಈ ಸಲ ಇಡೀ ಕಂಪ್ಯೂಟರೇ ಕಲ್ಲಾಗಿ ನಿಂತಿತು. ಮತ್ತೆ ಫೋನು.

"ಇರೋ ಮೆಮೊರೀನೇ ಅಷ್ಟು, ಇನ್ನೇನು ಏರಿಸೋದು? ಆ ಫೈಲು ಎಷ್ಟುದ್ದ?"

"ಹದಿಮೂರು ಗಂಟೆ."

"ಒಂದೇ ಫೈಲಾ! ಯಾವ ಪುಣ್ಯಾತ್ಮ ಹಾಗಿಟ್ಟಿದ್ದು?"

"ನಾನೇ ಕಣಪ್ಪ."

"ನಿಮ್ಮ ಪ್ರೋಗ್ರಾಮು ಓಬೀರಾಯನ ಕಾಲದ್ದು. ಇಡೀ ಫೈಲನ್ನ ಒಂದೇ ತುತ್ತಿಗೆ ನುಂಗೋಕೆ ಹೋಗುತ್ತೆ. ತುಂಡು ಮಾಡಿ ಕೊಡಿ."

ತುಂಡು ಮಾಡುವುದು ಹೇಗೆ? ವಂಶ ಹೇಳುವಾಗ ತಂದೆಗೂ ಮಗನಿಗೂ ನಡುವೆ ಯಾರೂ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಆ ಮನೆ ಅಲ್ಲಿಗೇ ಮುರಿಯುತ್ತದೆ ಅನ್ನುತ್ತಾರೆ. ಅದಕ್ಕೇ ಅವಳು ತಾತ ನಮಾಜಿಗೆ ಎದ್ದಾಗಲೂ ರೆಕಾರ್ಡರ್ ಆರಿಸಿರಲಿಲ್ಲ.

ತಾತನ ಹೆಂಡತಿ ಬುರುಲ್ ಈ ಆರೂ ದಿನ ಹಿಟ್ಟಿನ ಬೋರ್ಸೋಕ್ ಕರಿದು, ಗಂಟು ಕಟ್ಟಿಕೊಂಡು ಮ್ಯೂಸಿಯಮ್ಮಿಗೆ ಬಂದು ಕೂರುತ್ತಿದ್ದಳು.

"ಕತ್ತರಿಸ್ತೀಯಾ? ಅಪ್ಪನ್ನ ಒಂದು ಮೂಲೆಗೆ, ಮಗನ್ನ ಒಂದು ಮೂಲೆಗೆ ಹಾಕ್ತೀಯಾ?"

"ಕತ್ತರಿಸ್ದೇ ಇದ್ರೆ ಅಪ್ಪನೂ ಇಲ್ಲ, ಮಗನೂ ಇಲ್ಲ, ಅಜ್ಜಿ. ಇಲ್ಲಿ ಕಿವಿ ಇಡಿ."

ಮುದುಕಿ ಟಿಕ್ ಟಿಕ್ ಅನ್ನುತ್ತಿದ್ದ ಕಂಪ್ಯೂಟರಿಗೆ ಕಿವಿ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಅವನೂ ಕೊನೇಲಿ ಹಿಂಗೇ ಉಸಿರಾಡ್ತಿದ್ದ," ಅಂದಳು. ಆಮೇಲೆ, "ಒಂದು ಮನೆತನ ಮುಗೀದೆ ಅವನು ಚಹಾ ಕೇಳ್ತಿರ್ಲಿಲ್ಲ. ಅವನು ಕೇಳಿದ ಕಡೆ ನೀನು ಕತ್ತರಿಸು."

ಎರಡು ದಿನ ಹಗಲೆಲ್ಲ ಕೂತು ಹದಿಮೂರು ಗಂಟೆಯನ್ನೂ ಕೇಳಿದರು. ತಾತ "ಬುರುಲ್, ಚಹಾ" ಅಂದಾಗೆಲ್ಲ ಝಿಪಾರ್ ಗುರುತು ಹಾಕಿದಳು. ಹನ್ನೊಂದು ಸಲ. ಕೊನೆಯ ಸಲ "ತಣ್ಣಗಾಗಿದೆ" ಅಂತ ಗೊಣಗಿದ.

"ಸುಳ್ಳ! ಹಬೆ ಆಡ್ತಿತ್ತು!" ಅಂತ ಬುರುಲ್ ಕಂಪ್ಯೂಟರಿಗೇ ಗದರಿದಳು.

ಹನ್ನೆರಡು ತುಂಡಾಯಿತು. ಬ್ಯಾಕಪ್ ನಲವತ್ತೊಂದನ್ನು ದಾಟಿತು, ಐವತ್ತೆರಡಕ್ಕೆ ಹೋಗಿ ತಾನಾಗಿಯೇ ಮುಗಿಯಿತು. ಝಿಪಾರ್ ಹೊಸ ಪ್ರತಿಯಲ್ಲಿ ಹನ್ನೆರಡೂ ತುಂಡುಗಳ ಮೊದಲ ಹೆಸರು, ಕೊನೆಯ ಹೆಸರು ಕೇಳಿ ನೋಡಿದಳು. ಎಲ್ಲೂ ಯಾರೂ ಬಿಟ್ಟುಹೋಗಿರಲಿಲ್ಲ. ಆಮೇಲೆ ಹಳೇ ಕಂಪ್ಯೂಟರನ್ನು ಆರಿಸಿದಳು. ಟಿಕ್ ಟಿಕ್ ನಿಂತಿತು. ಎರಡು ದಿನ ಕೂತು ಅವಳ ಕುತ್ತಿಗೆ ಹಿಡಿದುಕೊಂಡಿತ್ತು, ತಿರುಗಿಸಲಾಗಲಿಲ್ಲ. ಬುರುಲ್ ಆಗಲೇ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು.