ಐದು ಮನೆಯ ಕುಂಚಿಗೆ

ನನ್ನ ಮನೆಯವರು ಬೆಳಗಾವಿಯ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಗುಮಾಸ್ತರಾಗಿದ್ದರು. ಗುಮಾಸ್ತರೆಂದರೆ ಗಾದಿಯ ಮೇಲೆ ಕುಳಿತು ಬರೆಯುವವರಲ್ಲ. ಬಟ್ಟೆಯ ಗಂಟು ಕಟ್ಟಿಕೊಂಡು ರೈಲು ಹತ್ತಿ, ಖಾನಾಪುರದ ಕಡೆಯ ಸಂತೆಗಳಲ್ಲಿ ಮಾರಿ ಬರುವವರು. ವಾರದ ಮೊದಲಿಗೆ ಹೋದರೆ ಕೊನೆಗೆ ಬರುತ್ತಿದ್ದರು. ಊರ ತುಂಬ ಬಿಳಿ ಟೊಪ್ಪಿಗೆಗಳು ಕಾಣಿಸತೊಡಗಿದ್ದ ಕಾಲ ಅದು. ಪರದೇಶದ ಬಟ್ಟೆಯನ್ನು ಯಾರೂ ಮುಟ್ಟುತ್ತಿಲ್ಲವೆಂದು ಅವರು ಗೊಣಗುತ್ತಿದ್ದರು. ಬಟ್ಟೆಯ ಸುರುಳಿಯಾದ ತಾನಿನ ಕೊನೆಯಲ್ಲಿ ಗೇಣಿಗಿಂತ ಕಡಿಮೆ ಉಳಿದದ್ದನ್ನು ಮನೆಗೆ ಒಯ್ಯಬಹುದೆಂದು ಮಾಲೀಕರು ಹೇಳಿದ್ದರಿಂದ, ಅವರು ಬರುವಾಗ ಹೂವಿಲ್ಲ, ಸಿಹಿಯಿಲ್ಲ, ಬರೀ ತುಂಡು ತರುತ್ತಿದ್ದರು. ನಾನೂ ಅವರ ಮುಖ ನೋಡುವ ಮೊದಲು ಗಂಟಿನ ಮುಖ ನೋಡುತ್ತಿದ್ದೆ. ಸುಳ್ಳೇಕೆ ಹೇಳಲಿ?

ಹೂವಿನ ಅಚ್ಚಿನ ಛೀಟಿನ ತುಂಡು, ಮಲ್‌ಮಲ್ಲಿನ ತುಂಡು, ಖಣದ ತುಂಡು. ಅವುಗಳಿಂದ ಎಲೆ ಅಡಕೆಯ ಚಂಚಿ ಹೊಲಿಯುತ್ತಿದ್ದೆ, ಕೊಡದ ಕೆಳಗಿಡುವ ಸಿಂಬಿ, ಬುತ್ತಿಯ ಚೀಲ, ಬಾಗಿಲಿಗೆ ಕಟ್ಟುವ ಬಟ್ಟೆಯ ಗಿಣಿ. ಗಿಣಿ ಒಮ್ಮೊಮ್ಮೆ ಕಾಗೆಯಂತಾಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನನಗೆ ಆ ಕಾಗೆಯೂ ಮುದ್ದೇ. ಓಣಿಯ ಹೆಂಗಸರು ನನ್ನ ಚಂಚಿಗಳನ್ನು ಬೇಡಿ ಒಯ್ಯುತ್ತಿದ್ದರು. ಆದರೆ ಹೊಸ್ತಿಲ ಆಚೆಯೇ ನಿಂತು ಒಯ್ಯುತ್ತಿದ್ದರು. ಒಳಗೆ ಬನ್ನಿ, ಕುಳಿತುಕೊಳ್ಳಿ ಎಂದರೆ ಒಂದೇ ಉತ್ತರ: "ಕುಂದ್ರಾಂಗಿಲ್ಲರೀ, ಒಲಿ ಮ್ಯಾಲ ಹಾಲ ಇಟ್ಟ ಬಂದೀನಿ." ನಮ್ಮ ಓಣಿಯಲ್ಲಿ ಎಲ್ಲರ ಒಲೆಯ ಮೇಲೂ ಯಾವಾಗಲೂ ಹಾಲು ಇರುತ್ತಿತ್ತು.

ಕಾರಣ ನನಗೆ ಗೊತ್ತಿತ್ತು. ನನಗೊಬ್ಬ ಮಗ ಹುಟ್ಟಿದ್ದ. ಹನ್ನೊಂದು ತಿಂಗಳು ಇದ್ದ. ಗೋಡೆ ಹಿಡಿದು ನಿಲ್ಲುವಷ್ಟಾಗಿದ್ದ. ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟ. ಆಮೇಲೆ ಮತ್ತೆ ಆಗಲಿಲ್ಲ. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ, ನಮ್ಮ ಜನ ಅಷ್ಟು ಕೆಟ್ಟವರಲ್ಲ. ಸಣ್ಣ ಕೂಸಿದ್ದವರು ಮಾತ್ರ ಕೂಸನ್ನು ಸೊಂಟ ಬದಲಿಸಿಕೊಂಡು, ನನ್ನ ಕಡೆ ಬೆನ್ನಾಗುವಂತೆ ಎತ್ತಿಕೊಂಡು ನಿಲ್ಲುತ್ತಿದ್ದರು. ನಾವು ಜೈನರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕು. ಒಬ್ಬಳೇ ಕುಳಿತು ಬಿಸಿಲಿರುವಾಗಲೇ ಉಂಡು, ತಟ್ಟೆ ತೊಳೆದಿಟ್ಟು, ಮತ್ತೆ ಸೂಜಿ ಹಿಡಿಯುತ್ತಿದ್ದೆ. ಎಷ್ಟು ದಿನ ಹೀಗೆ ಯಾರೊಂದಿಗೂ ಮಾತಿಲ್ಲದೆ ಹೋದವೋ ನೆನಪಿಲ್ಲ.

ನನ್ನ ತಂಗಿಯನ್ನು ಖಾನಾಪುರಕ್ಕೆ ಕೊಟ್ಟಿತ್ತು. ಅವಳ ಹಣೆಬರಹ ನನ್ನದಕ್ಕಿಂತ ಕೆಟ್ಟದ್ದು: ಎರಡು ಮಕ್ಕಳು ಹುಟ್ಟಿ, ಎರಡೂ ತೊಟ್ಟಿಲು ಬಿಟ್ಟು ಇಳಿಯಲಿಲ್ಲ. ಮೂರನೆಯದು ಹುಟ್ಟಿ ಎರಡು ತಿಂಗಳಾಗಿತ್ತು. ಒಂದು ಶನಿವಾರ ನನ್ನ ಮನೆಯವರು ತಮ್ಮ ಗಂಟಿನ ಜೊತೆ ಇನ್ನೊಂದು ಸಣ್ಣ ಗಂಟು ತಂದು ಇಟ್ಟರು.

"ನಿನ್ನ ತಂಗಿ ಕೊಟ್ಟಾಳ. ಐದು ಮನ್ಯಾಗ ಬೇಡಿ ತಂದ ಬಟ್ಟಿ ಅಂತ. ಕೂಸಿಗೆ ಕುಂಚಗಿ ನೀನ ಹೊಲೀಬೇಕಂತ. ನಿನ್ನಂಗ ಹೊಲಿಯವ್ರು ಖಾನಾಪುರದಾಗ ಯಾರೂ ಇಲ್ಲಂತ."

ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಹುಟ್ಟಿದರೆ, ಅದಕ್ಕೆ ಆ ಮನೆಯ ಬಟ್ಟೆ ಹಾಕುವುದಿಲ್ಲ. ಐದು ಮನೆಗೆ ಹೋಗಿ ಸೆರಗೊಡ್ಡಿ ಒಂದೊಂದು ತುಂಡು ಬೇಡಿ, ಅವನ್ನೇ ಕೂಡಿಸಿ ಕುಂಚಿಗೆ ಹೊಲಿಯಬೇಕು; ತಲೆ ಮುಚ್ಚಿ ಬೆನ್ನ ಮೇಲೆ ಇಳಿಯುವ ಕೂಸಿನ ಟೊಪ್ಪಿಗೆ ಅದು. ಇದು ನಮ್ಮ ಕೂಸಲ್ಲ, ಬೇಡಿ ತಂದದ್ದು ಎಂದು ತೋರಿಸಿದರೆ ಜವರಾಯನ ಕಣ್ಣು ಬೀಳುವುದಿಲ್ಲವೆಂದು ನಂಬಿಕೆ. ನಾನೂ ನಂಬಿದವಳೇ. ಅದಕ್ಕೇ ಕೇಳಿದೆ:

"ನಮ್ಮ ಮನ್ಯಾಗಿಂದೂ ಒಂದು ತುಂಡು ಹಾಕ್ಲೇನ್ರಿ?"

ಅವರು ಗೂಟಕ್ಕೆ ಹಾಕಿದ್ದ ರುಮಾಲನ್ನು ತೆಗೆದು ಮತ್ತೆ ಅಲ್ಲಿಯೇ ಹಾಕಿದರು.

"ಬ್ಯಾಡಂತ. ಮಕ್ಕಳು ಬದುಕಿದ ಮನೀವು ಅಷ್ಟ ಆಗಬೇಕಂತ. ಅಕಿ ಅತ್ತಿ ಹೇಳ್ಯಾರ. ನಿನ್ನ ತಂಗಿ ಅಂದದ್ದಲ್ಲ ಅದು."

ಯಾರು ಅಂದರೇನು, ಮಾತು ಬಂದು ತಲುಪಿದ್ದು ನನಗೆ. ನನ್ನ ಕೈ ಬೇಕು, ನನ್ನ ಬಟ್ಟೆ ಬೇಡ. ಸೋಮವಾರ ಅವರು ಸಂತೆಗೆ ಹೋದ ಮೇಲೆ ಗಂಟು ಬಿಚ್ಚಿದೆ. ಐದು ತುಂಡುಗಳಲ್ಲಿ ಒಂದು ನೆಲ ಒರೆಸುವ ಅರಿವೆಯೇ ಸರಿ, ಸಗಣಿಯ ವಾಸನೆ ಇನ್ನೂ ಇತ್ತು. ಒಂದು ಸೀರೆಯ ಹರಿದ ಅಂಚು. ಕೊಡುವವರು ಪುಣ್ಯದ ಕೆಲಸಕ್ಕಾದರೂ ಒಂದು ನೆಟ್ಟಗಿನ ತುಂಡು ಕೊಡಬಾರದೆ? ಮನೆ ತುಂಬ ಮಕ್ಕಳಿದ್ದು, ದಿನಕ್ಕೊಬ್ಬರಂತೆ ಬಡಿಯುವವಳ ಮನೆಯದು ಮಂಗಳದ ಬಟ್ಟೆ. ಒಂದನ್ನು ಎದೆಗವಚಿಕೊಂಡು ಸಾಕಿದ ನನ್ನದು ಆಗದು. ಸಿಟ್ಟು ಬಂತು. ಐದನ್ನೂ ಸೀಗೆಕಾಯಿ ಹಾಕಿ ತಿಕ್ಕಿ ತೊಳೆದು ಒಣಗಹಾಕಿದೆ.

ಹೊಲಿಯುವಾಗ ಸಿಟ್ಟು ಇಳಿದು ಬೇರೆ ಏನೋ ಬಂತು. ಇದಕ್ಕೆ ಅಸೂಯೆ ಎನ್ನಬೇಡಿ. ಆ ಕೂಸು ಬದುಕಲಿ ಎಂದು ಅದರ ತಾಯಿಯಷ್ಟೇ ನಾನೂ ಬೇಡಿಕೊಂಡಿದ್ದೆ. ಆದರೆ ಅದು ಬದುಕಿದಾಗ ತುಂಡು ಕೊಟ್ಟ ಐವರೂ 'ನಮ್ಮ ಮನೆಯ ಬಟ್ಟೆ' ಎನ್ನುತ್ತಾರೆ, ನಾನು ಏನೆನ್ನಲಿ? ನನ್ನ ಮಗನ ಒಂದು ಸಣ್ಣ ಅಂಗಿ, ಝಬಲಾ, ಪೆಟ್ಟಿಗೆಯ ತಳದಲ್ಲಿತ್ತು. ಹಳದಿ ಹೂವಿನ ಮಲ್‌ಮಲ್ಲು. ಅದರ ಹಿಂಬದಿಯಿಂದ ನಾಲ್ಕು ಬೆರಳಗಲದ ತುಂಡು ಕತ್ತರಿಸಿದೆ. ಕುಂಚಿಗೆಯ ಮೇಲುಬಟ್ಟೆಗೂ ಒಳಬಟ್ಟೆಗೂ ನಡುವೆ, ಕೂಸಿನ ಕತ್ತಿನ ಹಿಂದೆ ಬರುವ ಜಾಗದಲ್ಲಿ ಅದನ್ನಿಟ್ಟು ಸುತ್ತಲೂ ಹೊಲಿದುಬಿಟ್ಟೆ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಬಹಳ ದಿನಗಳ ಮೇಲೆ ಆ ದಿನ ಮನಸ್ಸಿಗೆ ಹಿತವೆನ್ನಿಸಿತು.

ಕುಂಚಿಗೆ ಖಾನಾಪುರಕ್ಕೆ ಹೋಯಿತು. ಮರುವಾರ ನನ್ನ ಮನೆಯವರು ಬಂದು ಕಾಲು ತೊಳೆಯುತ್ತಲೇ ಹೇಳಿದರು, "ಕೂಸಿಗೆ ನಾಕು ದಿನದಿಂದ ಜ್ವರ. ಕುಂಚಗಿ ಹಾಕಿದ ಮರುದಿನದಿಂದ ಅಂತ."

ಅವರ ಮಾತಿನಲ್ಲಿ ಏನೂ ಇರಲಿಲ್ಲ, ಅವರಿಗೆ ಏನೂ ಗೊತ್ತೂ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ತಂಗಿಯನ್ನು ನೋಡಬೇಕು, ನಾಳೆಯೇ ಹೋಗಬೇಕು ಎಂದು ಹಟ ಹಿಡಿದೆ. ಅವರು ಬೆಳಿಗ್ಗೆ ನನ್ನನ್ನು ರೈಲಿನ ಹೆಂಗಸರ ಡಬ್ಬಿಯಲ್ಲಿ ಕೂಡ್ರಿಸಿ, ತಾವು ಮುಂದಿನ ಡಬ್ಬಿ ಹತ್ತಿದರು.

ದೇಸೂರ ಸ್ಟೇಶನ್ನು ಬರುವ ಹೊತ್ತಿಗೆ ಎದುರಿನಾಕೆ ಕೇಳಿಯೇಬಿಟ್ಟಳು, "ಮಕ್ಕಳೆಷ್ಟ್ರಿ ನಿಮಗ?" "ಒಬ್ಬಾಂವ ಅದಾನ್ರಿ," ಎಂದೆ. ಗುರುತಿಲ್ಲದವರ ಮುಂದೆ ನಾನು ಯಾವಾಗಲೂ ಹಾಗೆಯೇ ಹೇಳುತ್ತಿದ್ದೆ. ಆಕೆ ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟಳು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ತಂಗಿಯ ಅತ್ತೆ ಬಾಗಿಲಲ್ಲೇ ಸಿಕ್ಕರು. "ಬರ್ರಿ, ಕುಂದರ್ರಿ. ಕುಂಚಗಿ ಲೈ ಛಂದ ಹೊಲದೀರಿ. ಏನ ಮಾಡೂದ್ರಿ, ಕೂಸಿನ ಜ್ವರ ಇಳೀವಲ್ದು," ಎಂದರು. ಆ ಮುದುಕಿ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಒಳಗಿನ ಕೋಣೆಯಲ್ಲಿ ಕೂಸು ತಂಗಿಯ ತೊಡೆಯ ಮೇಲಿತ್ತು, ತಲೆಗೆ ನನ್ನ ಕುಂಚಿಗೆ. ಮುಖ ಕೆಂಪಾಗಿ, ತುಟಿ ಒಣಗಿತ್ತು. ನಾನು ಬಾಗಿಲು ಮುಂದೆ ಮಾಡಿ, ಕುಳಿತು, ಎಲ್ಲವನ್ನೂ ಹೇಳಿದೆ.

ತಂಗಿ ಕೂಸಿನ ಹಣೆಯ ಮೇಲಿನ ಕುಂಚಿಗೆಯ ಅಂಚನ್ನು ಹಿಂದೆ ಸರಿಸಿದಳು. ಆಮೇಲೆ ಕೇಳಿದಳು, "ಯಾಕ ಹಿಂಗ ಮಾಡಿದಿ ಅಕ್ಕಾ?"

"ನಂದೂ ಒಂದು ಮನಿ ಅಲ್ಲೇನ?"

ಅವಳು ಕುಂಚಿಗೆಯನ್ನು ಮೆಲ್ಲಗೆ ಬಿಚ್ಚಿ ಕೂಸನ್ನು ಮಲಗಿಸಿದಳು. ಗೋಡೆಯ ಗೂಡಿನಲ್ಲಿದ್ದ ಸೂಜಿ ತೆಗೆದುಕೊಂಡು, ನಾನು ಬಿಗಿಯಾಗಿ ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ಎತ್ತಿ ಬಿಚ್ಚಿದಳು. ನನ್ನ ಕೈಗೆ ಕೊಡು, ನಾನೇ ಬಿಚ್ಚುತ್ತೇನೆ ಎಂದೆ. ಕೊಡಲಿಲ್ಲ. ಹಳದಿ ತುಂಡು ಹೊರಗೆ ಬಂದಾಗ ಅದನ್ನು ಎರಡೇ ಬೆರಳಲ್ಲಿ ಹಿಡಿದು ನನ್ನ ಮುಂದೆ ಚಾಪೆಯ ಮೇಲೆ ಇಟ್ಟಳು. ಆ ಝಬಲಾ ಹಾಕಿಕೊಂಡ ನನ್ನ ಮಗನನ್ನು ಅವಳೇ ಎಷ್ಟೋ ಸಲ ಎತ್ತಿ ಆಡಿಸಿದ್ದಳು.

"ಅತ್ತಿಯವರ ಮುಂದ ನಾ ಹೇಳಾಂಗಿಲ್ಲ," ಎಂದಳು. ಅಷ್ಟೇ.

ನನ್ನ ಮನೆಯವರು ಸಂತೆಗೆ ಹೋದರು. ನಾನು ಅಲ್ಲಿಯೇ ಮೂರು ದಿನ ಇದ್ದೆ. ವೈದ್ಯರು ಬಂದು ಕಷಾಯ ಕೊಟ್ಟು ಹೋಗುತ್ತಿದ್ದರು. ಮೊದಲ ದಿನ ಜ್ವರ ಇಳಿಯಲಿಲ್ಲ. ಎರಡನೆಯ ದಿನವೂ ಇಳಿಯಲಿಲ್ಲ. ಇಲ್ಲಿ ಒಂದು ಮಾತು ಬರೆಯಬೇಕು, ಯಾರ ಮುಂದೆಯೂ ಹೇಳಿದ್ದಲ್ಲ. ಎರಡನೆಯ ದಿನ ಮಧ್ಯಾಹ್ನ ಕೂಸಿನ ಹಣೆ ಮುಟ್ಟಿ ನೋಡಿದೆ, ಸುಡುತ್ತಿತ್ತು. ಬಟ್ಟೆ ತೆಗೆದ ಮೇಲೂ ಸುಡುತ್ತಿದೆ, ಹಾಗಾದರೆ ಇದು ನನ್ನ ಮಗನ ಬಟ್ಟೆಯಿಂದ ಬಂದದ್ದಲ್ಲ ಎಂದು ನನಗೆ ಸಮಾಧಾನವಾಯಿತು. ಒಂದೇ ಗಳಿಗೆ. ಆಮೇಲೆ ಹಿತ್ತಲಿಗೆ ಹೋಗಿ ನನ್ನ ಕೆನ್ನೆಗೆ ನಾನೇ ಬಡಿದುಕೊಂಡೆ. ಎಂಥ ಹೆಂಗಸು ನಾನು!

ಮೂರನೆಯ ದಿನ ಬೆಳಗಿಗೆ ಕೂಸು ಬೆವೆತು, ಜ್ವರ ಇಳಿದು, ಎದೆಗೆ ಬಾಯಿ ಹಾಕಿತು. ಅತ್ತೆ ಕೈಮುಗಿದು ಬಸದಿಗೆ ಹೋದರು. ತಂಗಿಯೂ ನಾನೂ ಅತ್ತೆವು. ಕೂಸು ಬದುಕಿತೆಂದು ನನಗೆ ಆದ ಸಂತೋಷ ನಿಜ. ನನ್ನದನ್ನು ತೆಗೆದ ಮೇಲೆ ಬದುಕಿತಲ್ಲ ಎಂಬ ಸಂಕಟವೂ ನಿಜ. ಕಷಾಯದಿಂದಲೂ ಇಳಿದಿರಬಹುದಲ್ಲವೇ? ತಂಗಿ ಹಾಗೆ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವಳ ಮುಖವನ್ನೇ ನೋಡುತ್ತ ಕಾದೆ. ಅವಳು ಕೂಸಿಗೆ ಹಾಲೂಡಿಸುತ್ತ, ಬಿಚ್ಚಿದ ಕುಂಚಿಗೆಯನ್ನು ತಾನೇ ದೊಡ್ಡ ದೊಡ್ಡ ಹೊಲಿಗೆ ಹಾಕಿ ಮುಚ್ಚಿದಳು. ಅವಳಿಗೆ ಹೊಲಿಗೆ ಮೊದಲಿನಿಂದಲೂ ಬಾರದು.

ಆಮೇಲೆ ಎರಡು ವರ್ಷ ನಾವು ಒಬ್ಬರಿಗೊಬ್ಬರು ನಮಸ್ಕಾರ ಹೇಳಿ ಕಳಿಸಿದ್ದೇ ಬಂತು. ನನ್ನ ಮನೆಯವರು ತುಂಡು ತರುವುದನ್ನು ಬಿಡಲಿಲ್ಲ. ನಾನೂ ಹೊಲಿಯುವುದನ್ನು ಬಿಡಲಿಲ್ಲ, ಬಿಟ್ಟರೆ ಹಗಲು ಹೇಗೆ ಕಳೆಯಬೇಕು? ತಂಗಿಗೆ ಮತ್ತೊಂದು ಕೂಸು, ಹೆಣ್ಣು, ಹುಟ್ಟಿತೆಂದು ತಿಳಿಯಿತು. ಒಂದು ಉಳಿದಿದ್ದರೂ ಎರಡು ಹೋದ ಮನೆ, ಇದಕ್ಕೂ ಬೇಡಿದ ಬಟ್ಟೆಯೇ ಆಗಬೇಕೆಂದು ಅತ್ತೆ ಹೇಳಿದರಂತೆ. ಈ ಸಲ ಗಂಟು ನನ್ನ ಮನೆಯವರ ಕೈಯಲ್ಲಿ ಬರಲಿಲ್ಲ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ತಂಗಿಯೇ ಬೆಳಗಿನ ಗಾಡಿಗೆ ಬಂದಳು. ಅವಳ ಗಂಡ ಬಾಗಿಲವರೆಗೆ ಬಿಟ್ಟು, ಸಂಜೆಯ ಗಾಡಿಗೆ ಕರೆದೊಯ್ಯುವೆನೆಂದು ಹೇಳಿ ಪೇಟೆಗೆ ಹೋದ.

"ನಾನ ಬಂದೀನಿ ಅಕ್ಕಾ," ಎಂದಳು. "ಇಲ್ಲೇ ಕುಂತು ಹೊಲಿಸಿಕೊಂಡು ಹೊಕ್ಕೀನಿ."

ಕೂಸನ್ನು ಕೌದಿಯ ಮೇಲೆ ಮಲಗಿಸಿ, ನನ್ನ ಎದುರಿಗೆ ಕಾಲು ಚಾಚಿ ಕುಳಿತು, ಐದು ತುಂಡುಗಳನ್ನು ಚಾಪೆಯ ಮೇಲೆ ಸಾಲಾಗಿ ಹಾಸಿದಳು. ನಾನು ಕತ್ತರಿ ಹಿಡಿದೆ. ಅವಳು ಮಾತಾಡಿದಳು: ಅತ್ತೆಯ ಮೊಣಕಾಲು ನೋವು, ದೊಡ್ಡ ಕೂಸು ಹಟಮಾರಿಯಾದದ್ದು, ಮಾವಿನಕಾಯಿ ಈ ವರ್ಷ ಬೇಗ ಬಂದದ್ದು. ಬಾಯಿ ಮಾತಾಡುತ್ತಿತ್ತು, ಕಣ್ಣು ನನ್ನ ಕೈಯ ಮೇಲೆಯೇ ಇತ್ತು. ನಾನು ದಾರಕ್ಕೆಂದು ಪೆಟ್ಟಿಗೆಯ ಮುಚ್ಚಳ ತೆರೆದಾಗ ಮಾತು ನಿಂತಿತು. ಬರೀ ದಾರ ತೆಗೆದು ಮುಚ್ಚಳ ಹಾಕಿದ ಮೇಲೆ ಮತ್ತೆ ಶುರುವಾಯಿತು.

ನೆತ್ತಿಗೆ ಸಿಟ್ಟೇರಿತು. ನಿನಗೆ ನಂಬಿಕೆಯಿಲ್ಲದಿದ್ದರೆ ನೀನೇ ಹೊಲಿದುಕೊ ಎಂದು ಅವಳ ಮಡಿಲಿಗೆ ಎಸೆಯಬೇಕೆನ್ನಿಸಿತು. ಅಷ್ಟರಲ್ಲಿ ಅವಳು ತಾನೇ ಎದ್ದು ಹೋಗಿ, ನನ್ನ ಅಡುಗೆಮನೆಯಲ್ಲಿ ತಂಬಿಗೆ ಹುಡುಕಿ, ನೀರು ಕುಡಿದು, ನನಗೂ ಒಂದು ಲೋಟ ತಂದಿಟ್ಟು ಮತ್ತೆ ಕುಳಿತಳು. ನನ್ನ ಮನೆಯಲ್ಲಿ ಯಾರಾದರೂ ಹೀಗೆ ಕಾಲು ಚಾಚಿ ಕುಳಿತು ಎಷ್ಟು ವರ್ಷವಾಗಿತ್ತೋ! ಕುಂಚಿಗೆಗೆ ದೊಡ್ಡ ಹೊಲಿಗೆಯೇ ಸಾಕು, ಊಟದ ಹೊತ್ತಿಗೆ ಮುಗಿದುಹೋಗುವ ಕೆಲಸ. ನಾನು ತಲೆ ತಗ್ಗಿಸಿ ಎಳ್ಳಿನಷ್ಟು ಸಣ್ಣ ಹೊಲಿಗೆ ಹಾಕತೊಡಗಿದೆ, ಸಂಜೆಯ ಗಾಡಿಯವರೆಗೂ ಮುಗಿಯದ ಹಾಗೆ.