ಡಬ್ಬಿ ಮಾಮಾನ ಕನ್ನಡ

ಸಾಂತಾಕ್ರೂಜ್‌ನ ಬಾಡಿಗೆ ಕೋಣೆ ಬಿಡಬೇಕಾಗಿ ಬಂದು, ಕಳೆದ ಭಾನುವಾರ ಸಾಮಾನು ಕಟ್ಟುತ್ತಿದ್ದೆ. ಸೂಟ್‌ಕೇಸಿನ ತಳದಿಂದ ನನ್ನ ಕಾಲೇಜು ದಿನಗಳ ಲ್ಯಾಪ್‌ಟಾಪ್ ಹೊರಬಂತು. ತೆರೆದರೆ ಅದರ ಕೀಲಿಗಳ ಮೇಲೆಲ್ಲ ಕನ್ನಡ ಅಕ್ಷರಗಳ ಪುಟ್ಟ ಪುಟ್ಟ ಚೀಟಿಗಳು. ನೀಲಿ ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದು, ಮೇಲೆ ಸೆಲೋಟೇಪ್ ಅಂಟಿಸಿದ್ದು. ಟೇಪು ಹಳದಿಯಾಗಿ ಅಂಚು ಎದ್ದಿದೆ. ಕಟ್ಟುವ ಕೆಲಸ ಅಲ್ಲಿಗೇ ನಿಂತಿತು. ಸುತ್ತ ಬಟ್ಟೆ, ಪಾತ್ರೆ, ಪುಸ್ತಕ ಹರಡಿಕೊಂಡು, ಮಡಿಲಲ್ಲಿ ಆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ...

ಆ ಅಕ್ಷರಗಳನ್ನು ಬರೆದವರು ನನ್ನ ಟೀಚರ್. ನಾವು ಆಗ ಸಯನ್‌ನಲ್ಲಿ ಹಳೆಯದೊಂದು ಬಿಲ್ಡಿಂಗಿನಲ್ಲಿದ್ದೆವು. ಅಪ್ಪ ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರ್. ಮನೆಯಲ್ಲಿ ಮಾತು ತುಳು. ಎದುರು ಬಾಗಿಲಿನಲ್ಲೇ ಧಾರವಾಡ ಕಡೆಯ ಟೀಚರ್ ಇದ್ದರು. ಮುನಿಸಿಪಾಲಿಟಿ ಶಾಲೆಯ ಕನ್ನಡ ವಿಭಾಗದಲ್ಲಿ ನನಗೆ ಅಕ್ಷರ ಕಲಿಸಿದವರು ಅವರೇ. ಕ್ಲಾಸಿನಲ್ಲಿ ಅವರು ಮಗ್ಗಿ ಹೇಳಿಸುತ್ತಿದ್ದರೆ ಕೆಳಗೆ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಕೇಳಿಸುತ್ತಿತ್ತು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಏ ಉಡುಪಿ’ ಎಂದೇ ಕರೆಯುತ್ತಿದ್ದರು. ನಾನು ಮುಂದೆ ಇಂಗ್ಲಿಷ್ ಶಾಲೆಗೆ ಹೋದೆ, ಮಕ್ಕಳು ಕಡಿಮೆಯಾಗಿ ಆ ಕನ್ನಡ ವಿಭಾಗ ಮುಚ್ಚಿತು, ಟೀಚರ್ ನಿವೃತ್ತರಾದರು. ಆದರೂ ಮೆಟ್ಟಿಲ ಮೇಲೆ ಸಿಕ್ಕರೆ ನಾನು ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದು ತಪ್ಪಿರಲಿಲ್ಲ.

ನಾನು ಕಂಪ್ಯೂಟರ್ ಪದವಿಯ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಟೀಚರ್‌ಗೆ ಗಂಟಲಿನ ಕ್ಯಾನ್ಸರಿನ ಆಪರೇಷನ್ ಆಯಿತು. ರೋಗ ದೂರವಾಗಲೆಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಮನೆಗೆ ಬಂದಾಗ ಕುತ್ತಿಗೆಗೆ ಬಿಳಿ ಬಟ್ಟೆಯ ತುಂಡು ಕಟ್ಟಿತ್ತು, ದನಿ ಇರಲಿಲ್ಲ. ಗಂಟಲಿಗೆ ಹಿಡಿದು ಮಾತಾಡುವ ಒಂದು ಯಂತ್ರ ತರಿಸಿದ್ದರು. ರೇಡಿಯೇಷನ್‌ನಿಂದ ಗಟ್ಟಿಯಾಗಿದ್ದ ಚರ್ಮದ ಮೇಲೆ ಅದು ಬರೀ ಗುಂಯ್ ಎನ್ನುತ್ತಿತ್ತು. ಅದನ್ನು ಮೂಲೆಗಿಟ್ಟು ಟೀಚರ್ ಪಾಟಿ ಬಳಪ ಹಿಡಿದರು. ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆಯಲ್ಲೂ ಸಿಟ್ಟು ಕೇಳಿಸುತ್ತಿತ್ತು.

ಪಾಟಿಯಿಂದ ದೊಡ್ಡವರ ಜೊತೆ ಹೇಗೋ ನಡೆಯುತ್ತಿತ್ತು. ಸೊಸೆ ಮರಾಠಿಯವರು, ಅವರಿಗೆ ಮರಾಠಿಯಲ್ಲೇ ಬರೆದು ತೋರಿಸುತ್ತಿದ್ದರು. ಕಷ್ಟವಾಗಿದ್ದು ಮೊಮ್ಮಗಳ ಜೊತೆ. ಅವಳಿನ್ನೂ ಬಾಲವಾಡಿಗೆ ಹೋಗುವ ಪುಟ್ಟಿ, ಓದು ಬಾರದು. ಆ ಮನೆಯಲ್ಲಿ ಅವಳೊಂದಿಗೆ ಕನ್ನಡ ಆಡುತ್ತಿದ್ದವರು ಅಜ್ಜಿ ಒಬ್ಬರೇ. ಮಗನಿಗೆ ಆಫೀಸು ಮುಗಿಸಿ ಬಂದರೆ ಯಾವ ಭಾಷೆಯೂ ಬೇಡವಾಗಿರುತ್ತಿತ್ತು. ಅಜ್ಜಿಯ ಮಾತು ನಿಂತದ್ದೇ ಮಗುವಿನ ಬಾಯಿಂದ ಕನ್ನಡ ಜಾರತೊಡಗಿತು. ‘ನೀರು ಕೊಡು’ ಹೋಗಿ ಬಾಲವಾಡಿಯಲ್ಲಿ ಕಲಿತ ಹಿಂದಿಯ ‘ಪಾನಿ ದೋ’ ಬಂತು. ಟೀಚರ್ ಅದನ್ನು ಕೇಳಿಸಿಕೊಂಡು, ತಿದ್ದಲು ಬಾಯಿ ತೆರೆದು, ಹಾಗೆಯೇ ಮುಚ್ಚಿದ್ದನ್ನು ನಾನೊಮ್ಮೆ ನೋಡಿದ್ದೆ.

ನನ್ನದು ಬೇರೆಯೇ ಚಡಪಡಿಕೆ. ಕೆಲಸ ಸಿಕ್ಕಿತ್ತು, ಆದರೆ ಕಂಪನಿಯವರು ಸೇರುವ ದಿನವನ್ನು ಮುಂದೆ ಮುಂದೆ ಹಾಕುತ್ತಿದ್ದರು. ಕೊನೆಯ ಸೆಮಿಸ್ಟರ್ ಓಡುತ್ತಿತ್ತು. ಕೂತಲ್ಲಿ ಕೂರಲಾಗದೆ ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿದ್ದ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಹಳೆಯ ಯಂತ್ರಕ್ಕೆ ಅದು ಹಗುರ, ಮುಂದೆ ಕೆಲಸಕ್ಕೂ ಬೇಕಾಗುತ್ತದೆ ಎಂದು ಸೀನಿಯರ್‌ಗಳು ಹೇಳಿದ್ದರು. ಪರೀಕ್ಷೆ ಎದುರಿಗಿರುವಾಗ ಈ ಹುಚ್ಚು ಬೇಡ ಎಂದು ಕಾಲೇಜಿನ ಸರ್ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವೈಫೈ ಹಿಡಿಯಲಿಲ್ಲ. ಪರದೆಯ ಅಕ್ಷರ ಇರುವೆ ಗಾತ್ರ. ಒಂದು ಬಗೆಯ ಲಿನಕ್ಸ್ ಸರಿಹೋಗಲಿಲ್ಲವೆಂದು ಇನ್ನೊಂದು, ಅದೂ ಬೇಡವೆಂದು ಮತ್ತೊಂದು ಹಾಕುತ್ತಾ ಹೋದೆ. ಈ ಸಲ ಎಲ್ಲ ಸರಿಯಾಗುತ್ತದೆ ಎಂದು ಪ್ರತಿ ಸಲವೂ ಅನಿಸುತ್ತಿತ್ತು.

“ಇದ್ದದ್ದನ್ನು ಅಳಿಸಿ ಎಂತ ಸಾಧಿಸಿದೆ ನೀನು? ಒಂದು ಕಡೆ ಕೂತ್ಕೊಳ್ಳಿಕ್ಕೆ ಆಗುದಿಲ್ವಾ?” ಎಂದು ಅಮ್ಮ ಬೈದರು.

ಹೀಗೇ ತಡಕಾಡುತ್ತಿದ್ದ ಒಂದು ಮಧ್ಯಾಹ್ನ ಯಾವುದೋ ಕೀಲಿಗಳು ಒಟ್ಟಿಗೆ ಒತ್ತಿಹೋಗಿ ಲ್ಯಾಪ್‌ಟಾಪು ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದತೊಡಗಿತು. ಕಣ್ಣು ಕಾಣದವರಿಗಾಗಿ ಮಾಡಿದ ಸೌಲಭ್ಯ ಅದು. ನಿಲ್ಲಿಸಲು ಹೋದವಳು ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಕಂಡೆ. ಆರಿಸಿ, ‘ನಮಸ್ಕಾರ, ನಾನು ಕನ್ನಡ ಮಾತಾಡುತ್ತೇನೆ’ ಎಂದು ಬರೆದೆ. ಮೂಗಿನಿಂದ ಹೊರಡುವ, ಏರಿಳಿತವಿಲ್ಲದ ಒಂದು ಗಂಡಸಿನ ದನಿ ಅದನ್ನು ಓದಿತು. ಕೆಟ್ಟದಾಗಿತ್ತು. ಆದರೂ ಕನ್ನಡವಾಗಿತ್ತು. ನಗು ಬಂದು ಮತ್ತೆ ಮತ್ತೆ ಓದಿಸಿದೆ.

ಗಾಳಿಗೆಂದು ಎರಡೂ ಮನೆಯ ಬಾಗಿಲು ತೆರೆದಿತ್ತು. ಚಪ್ಪಾಳೆ ಕೇಳಿ ತಿರುಗಿದರೆ ಟೀಚರ್ ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಯಾರವನು ಎಂದು ಕೈಯಲ್ಲೇ ಕೇಳಿದರು. ಲ್ಯಾಪ್‌ಟಾಪ್ ತೋರಿಸಿದೆ. ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಪಾಟಿಯ ಮೇಲೆ ಬರೆದರು: ‘ನಾ ಬರದಿದ್ದು ಓದತೈತೇನು?’ ನಾನು ಅದನ್ನೇ, ಒಂದು ಅಕ್ಷರ ಬದಲಿಸದೆ ಟೈಪ್ ಮಾಡಿದೆ. ಯಂತ್ರ ಓದಿತು. ‘ನಾ ಬರದಿದ್ದು ಓದತೈತೇನು.’ ಟೀಚರ್ ತಮ್ಮ ಕುತ್ತಿಗೆಯ ಬಟ್ಟೆಯನ್ನು ಮುಟ್ಟಿಕೊಂಡರು. ಮತ್ತೊಮ್ಮೆ ಎಂದು ಬೆರಳು ಎತ್ತಿದರು.

ಮರುದಿನದಿಂದ ಆ ಲ್ಯಾಪ್‌ಟಾಪು ನನ್ನದಾಗಿ ಉಳಿಯಲಿಲ್ಲ. ನಾನು ಕಾಲೇಜಿಗೆ ಒಯ್ಯದ ಹೊತ್ತೆಲ್ಲ ಅದರ ಮುಂದೆ ಟೀಚರ್ ಇರುತ್ತಿದ್ದರು. ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡ ಹುಡುಕುವುದು ಅವರಿಗೆ ಅವಮಾನ. ಅದಕ್ಕೇ ಚೀಟಿ ಬರೆದು ಅಂಟಿಸಿದರು. ಆ ಕೀಲಿಮಣೆಯಲ್ಲಿ ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳೆಲ್ಲ ಬಲಗೈಗೆ ಬರುವಂತೆ ಜೋಡಿಸಿದ್ದು ಅವರಿಗೆ ಹಿಡಿಸಿತು. ಬೇಗ ಕಲಿತರು, ಆದರೆ ತಾಳ್ಮೆ ಇರಲಿಲ್ಲ. ಯಂತ್ರ ತಡ ಮಾಡಿದರೆ ಮೇಜು ಗುದ್ದುತ್ತಿದ್ದರು. ಅದು ಅವರ ಪರವಾಗಿ ಆಡಿದ ಮೊದಲ ದೊಡ್ಡ ಮಾತು ನಮ್ಮ ಅಮ್ಮನಿಗೆ: “ಚಾಕ್ಕ ಸಕ್ರಿ ಕಡಿಮಿ ಹಾಕು ಅಂತ ಎಷ್ಟ ಸಲ ಹೇಳ್ಲಿ ನಿನಗ?”

ನನ್ನ ಫೋನಿನಲ್ಲಿ ಇದಕ್ಕಿಂತ ನಯವಾದ ಹೆಣ್ಣು ದನಿಯೊಂದಿತ್ತು. ಕೇಳಿಸಿದೆ. ಮುಖ ಸಿಂಡರಿಸಿ, ‘ಇಕಿ ಬ್ಯಾಂಕಿನ ಫೋನಿನಾಕಿ’ ಎಂದು ಬರೆದು ಫೋನು ದೂಡಿದರು.

ಮೊಮ್ಮಗಳನ್ನು ಕೂರಿಸಿಕೊಂಡ ದಿನ ಮಾತ್ರ ಎಲ್ಲ ಕೆಟ್ಟಿತು. ಟೀಚರ್ ಬೆಳಿಗ್ಗೆಯಿಂದ ಕೂತು ನರಿಯ ಕತೆಯೊಂದನ್ನು ಬರೆದಿಟ್ಟಿದ್ದರು. ಯಂತ್ರ ಕತೆ ಶುರು ಮಾಡಿತು. ಮಗು ಅಜ್ಜಿಯ ಮುಖ ನೋಡಿತು, ಲ್ಯಾಪ್‌ಟಾಪ್ ನೋಡಿತು, ಮತ್ತೆ ಅಜ್ಜಿಯನ್ನು ನೋಡಿತು. “ಯೇ ಆಜಿ ನಹೀ ಹೈ” ಎಂದು ಕಿವಿ ಮುಚ್ಚಿಕೊಂಡು ತನ್ನ ಅಮ್ಮನ ಹತ್ತಿರ ಓಡಿತು. ಟೀಚರ್ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. ಆಮೇಲೆ ಹಲವು ದಿನ ನಮ್ಮ ಮನೆಯ ಕಡೆ ಬರಲಿಲ್ಲ. ಅವರ ಮನೆಯ ಬಾಗಿಲೂ ಮುಚ್ಚಿರುತ್ತಿತ್ತು.

ನಾನೇ ಹೋದೆ. ಅವರ ಮಗನ ಫೋನಿನಲ್ಲಿ ಟೀಚರ್ ಆಪರೇಷನ್ನಿಗೆ ಮೊದಲು ಕಳಿಸಿದ್ದ ದನಿಯ ಮೆಸೇಜುಗಳು ಇದ್ದವು. ಅವನ್ನು ತುಂಡು ಮಾಡಿ, ಪದ ಪದ ಜೋಡಿಸಿ, ಅವರದೇ ದನಿಯಲ್ಲಿ ಒಂದಿಷ್ಟು ಮಾತು ಬರುವಂತೆ ಮಾಡಬಹುದು ಎಂದು ಉತ್ಸಾಹದಿಂದ ಹೇಳಿದೆ. ಟೀಚರ್ ಪಾಟಿ ಎತ್ತಿಕೊಂಡರು.

‘ಬ್ಯಾಡ. ಫೋಟೋಕ್ಕ ಮಾಲಿ ಹಾಕಿದಂಗ ಆಗತೈತಿ. ನಾ ಇನ್ನೂ ಅದೀನಿ.’

ಅದನ್ನು ಒರೆಸಿ ಮತ್ತೆ ಬರೆದರು. ‘ನಾಳೆ ಡಬ್ಬಿ ತಗೊಂಡ ಬಾ.’

ಮರುದಿನ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಮಗು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿತ್ತು. ಟೀಚರ್ ಅವಳನ್ನು ಕರೆಯಲಿಲ್ಲ. ತಮ್ಮ ಪಾಡಿಗೆ ಟೈಪ್ ಮಾಡಿದರು.

“ನಾ ಅಜ್ಜಿ ಅಲ್ಲ,” ಎಂದಿತು ಯಂತ್ರ. “ನಾ ಡಬ್ಬಿ ಮಾಮಾ. ನನಗ ಕನ್ನಡ ಛಲೋ ಬರಂಗಿಲ್ಲ. ನಿನ್ನೆ ನಾ ಬಾಲೆ ಹಣ್ಣು ತಿಂದೆ.”

ಸಂದಿಯಿಂದ ಕಿಸಕ್ಕೆಂದು ನಗು ಕೇಳಿಸಿತು. “ಬಾಲೆ ನಹೀ. ಬಾಳೆ.”

“ಬಾಲೆ,” ಎಂದಿತು ಯಂತ್ರ ಮತ್ತೆ.

“ಬಾಳೆ ಬಾಳೆ! ನಾಲಿಗಿ ಹಿಂಗ ಮಾಡು, ಮಾಮಾ.” ಮಗು ಒಳಗೆ ಬಂದು, ಪರದೆಯ ಎದುರು ಬಾಯಿ ತೆರೆದು ನಾಲಿಗೆ ಮಡಚಿ ತೋರಿಸಿತು. ಎಷ್ಟೋ ವರ್ಷದ ಹಿಂದೆ ಟೀಚರ್ ನಮಗೆ ತೋರಿಸುತ್ತಿದ್ದುದು ಹಾಗೆಯೇ.

ಯಂತ್ರದಲ್ಲೇನೋ ದೋಷವಿದೆ ಎಂದುಕೊಂಡು ನಾನು ಬಗ್ಗಿ ನೋಡಿದೆ. ಪರದೆಯ ಮೇಲೆ ‘ಬಾಲೆ’ ಎಂದೇ ಇತ್ತು. ಲ ಮತ್ತು ಳ ಎರಡೂ ಒಂದೇ ಕೀಲಿಯಲ್ಲಿವೆ. ಇನ್ನೊಂದು ಕೀಲಿ ಜೊತೆಗೆ ಒತ್ತಿದರೆ ಳ. ಅವರು ಮರೆತಿದ್ದಾರೆ ಎಂದು ಹೇಳಲು ಹೋದೆ. ಟೀಚರ್ ಮೇಜಿನ ಕೆಳಗೆ ನನ್ನ ಕೈಯನ್ನು ಗಟ್ಟಿಯಾಗಿ ಚಿವುಟಿದರು.

ಅಲ್ಲಿಂದ ಡಬ್ಬಿ ಮಾಮಾ ದಡ್ಡ ವಿದ್ಯಾರ್ಥಿಯಾದ, ಮಗು ಮಾಸ್ತರಾದಳು. ಅವನು ಹಾಲನ್ನು ಹಾಳು ಎನ್ನುತ್ತಿದ್ದ, ಆನೆಗೆ ‘ಬಂದನು’ ಎನ್ನುತ್ತಿದ್ದ, ನರಿಯ ಕತೆಯನ್ನು ತಪ್ಪು ತಪ್ಪಾಗಿ ಹೇಳುತ್ತಿದ್ದ. ಸಹಿಸಲಾರದೆ ಅವಳೇ ಇಡೀ ಕತೆಯನ್ನು ಸರಿಯಾಗಿ ಹೇಳಿ ಮುಗಿಸುತ್ತಿದ್ದಳು, ಧಾರವಾಡದ ಎಳೆತದ ಸಮೇತ. ಒಂದು ಸಂಜೆ ಸೊಸೆ ಅಡುಗೆಮನೆಯಿಂದ ಬಂದು ‘ಬಾಳೆಹಣ್ಣು’ ಎಂದು ತಾವೂ ಹೇಳಿ ನೋಡಿದರು. ಅವರಿಗೂ ಪಾಸು ಸಿಕ್ಕಿತು. ನನ್ನ ಪರೀಕ್ಷೆ ಮುಗಿಯಿತು, ಸೇರುವ ದಿನ ಮತ್ತೆ ಮುಂದೆ ಹೋಯಿತು. ಆದರೆ ಆ ಬೇಸಿಗೆಯಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತೆ ಬದಲಿಸುವ ಯೋಚನೆ ನನಗೆ ಬರಲಿಲ್ಲ. ಬಂದರೂ ಟೀಚರ್ ಬಿಡುತ್ತಿರಲಿಲ್ಲ.

ಮಳೆಗಾಲದಲ್ಲಿ ರೋಗ ಮರಳಿತು. ಈ ಸಲ ಆಪರೇಷನ್ ಮಾತೇ ಇರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಟೀಚರ್ ದಿಂಬಿಗೆ ಒರಗಿ ಕೂರುತ್ತಿದ್ದರು. ಬೆರಳುಗಳು ನಿಧಾನವಾಗಿದ್ದವು, ಮೇಜು ಗುದ್ದುವುದು ನಿಂತಿತ್ತು. ಅದೇ ಹೊತ್ತಿಗೆ ನನಗೂ ಕರೆ ಬಂತು. ವಾರದೊಳಗೆ ಪುಣೆಯಲ್ಲಿ ಟ್ರೇನಿಂಗಿಗೆ ಹಾಜರಾಗಬೇಕಿತ್ತು. ಅಷ್ಟು ದಿನ ಯಾವಾಗ ಹೊರಡುತ್ತೇನೋ ಎಂದು ತಳಮಳಿಸಿದವಳಿಗೆ ಈಗ ಹೊರಡಲು ಕಾಲು ಬಾರದು.

ಹೊರಡುವ ಹಿಂದಿನ ಸಂಜೆ ಹೋದೆ. ಮಗು ಹಾಸಿಗೆಯ ಮೇಲೆ ಅಜ್ಜಿಯ ಕಾಲಿಗೆ ಒರಗಿ ಕೂತಿತ್ತು. ಲ್ಯಾಪ್‌ಟಾಪು ಟೀಚರ ತೊಡೆಯ ಮೇಲೆ.

“ನೀ ಛಲೋ ಕಲಿಸಿದಿ,” ಎಂದ ಡಬ್ಬಿ ಮಾಮಾ. “ನನಗ ಈಗ ಕನ್ನಡ ಪೂರಾ ಬಂತು. ನಾ ನಮ್ಮ ಊರಿಗೆ ಹೋಗ್ತೀನಿ.”

“ಅಜ್ಜೀನೂ ಬರ್ತಾಳೇನು?” ಎಂದಳು ಮಗು.

ಟೀಚರ ಬೆರಳುಗಳು ಕೀಲಿಗಳ ಮೇಲೆ ನಿಂತವು. ಕಿಟಕಿಯಾಚೆ ಲೋಕಲ್ ರೈಲೊಂದು ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಟೈಪ್ ಮಾಡಿದರು.

“ಹೂಂ. ಅಜ್ಜೀನೂ ಹೋಗ್ತಾಳ.”

“ತಪ್ಪು,” ಎಂದಳು ಮಗು ಕೂಡಲೇ. “ಹೋಗ್ತಾಳ ಅನಬಾರದು ಮಾಮಾ. ಹೋಗಿ ಬರ್ತಾಳ ಅನಬೇಕು.”

ಅದೂ ಅವರೇ ಕಲಿಸಿದ್ದು. ಹೊರಡುವಾಗ ಬರೀ ‘ಹೋಗ್ತೀನಿ’ ಎಂದವರನ್ನು ಟೀಚರ್ ಎಂದೂ ಹೊಸ್ತಿಲು ದಾಟಲು ಬಿಟ್ಟವರಲ್ಲ. ಆ ಸಂಜೆ ಬೇಕೆಂದೇ ತಪ್ಪಿದರೋ, ಅಥವಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರೋ... ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಒಂದೊಂದೇ ಅಕ್ಷರ ಹುಡುಕಿ, ಮಗು ಹೇಳಿದಂತೆಯೇ ತಿದ್ದಿದರು. ಯಂತ್ರ ಅದನ್ನು ಅದೇ ಚಪ್ಪಟೆ ದನಿಯಲ್ಲಿ ಓದಿತು.

ನಾನು ಪುಣೆಯಲ್ಲಿದ್ದಾಗಲೇ ಟೀಚರ್ ಹೋದರು. ಬರಲಾಗಲಿಲ್ಲ. ದೀಪಾವಳಿಗೆ ಬಂದಾಗ ಅವರ ಮಗ ಲ್ಯಾಪ್‌ಟಾಪನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟರು. ಮರು ವರ್ಷ ಅವರು ಠಾಣೆಗೆ ಮನೆ ಬದಲಿಸಿದರು, ನಾವೂ ಸಯನ್ ಬಿಟ್ಟೆವು. ನಾನು ಆಮೇಲೆ ಎಷ್ಟು ಕೋಣೆ, ಎಷ್ಟು ಕೆಲಸ ಬದಲಿಸಿದೆನೋ.

ಸಾಮಾನು ಕಟ್ಟುತ್ತಿದ್ದ ಆ ಭಾನುವಾರ ಸಂಜೆ ತಡೆಯಲಾರದೆ ಟೀಚರ ಮಗನ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಮೊಮ್ಮಗಳು. ಈಗ ನಾಲ್ಕನೇ ಕ್ಲಾಸು. ನಾನು ಯಾರೆಂದು ಹೇಳಿದ ಕೂಡಲೇ ಕನ್ನಡಕ್ಕೆ ತಿರುಗಿದಳು, ಮಧ್ಯೆ ಮಧ್ಯೆ ಹಿಂದಿ ಸೇರಿಸಿಕೊಂಡು. ಶಾಲೆಯ ಸುದ್ದಿ ಹೇಳಿದಳು, ಡಬ್ಬಿ ಮಾಮಾನ ತಪ್ಪುಗಳನ್ನು ನೆನೆಸಿ ನಕ್ಕಳು. ಆಮೇಲೆ ಕೇಳಿದಳು.

“ಅಕ್ಕಾ, ಅಜ್ಜಿ ಅಂದ್ರ ನನಗ ಡಬ್ಬಿ ಮಾಮಾನ ದನೀನ ಕೇಳಸ್ತೈತಿ. ಖರೇ ದನಿ ನೆನಪ ಇಲ್ಲ. ಪಪ್ಪಾನ ಹಳೇ ಫೋನ್ ಖರಾಬ್ ಆತು, ಅದರಾಗಿನ ಮೆಸೇಜ್ ಎಲ್ಲಾ ಹೋದವು. ಹೆಂಗಿತ್ತು ಅಕಿ ದನಿ?”

ಹೇಳಲು ಬಾಯಿ ತೆರೆದೆ. ಮಾತುಗಳೆಲ್ಲ ನೆನಪಿದ್ದವು. ಬೈದದ್ದು, ಕರೆದದ್ದು, ಮಗ್ಗಿ ಹೇಳಿಸಿದ್ದು... ದನಿಯನ್ನು ಮಾತ್ರ ಎಷ್ಟು ಹುಡುಕಿದರೂ ಕಿವಿಗೆ ತರಲಾಗಲಿಲ್ಲ. ಅವರ ಹಾಗೆ ‘ಏ ಉಡುಪಿ’ ಎಂದು ಒಮ್ಮೆ ಅಂದು ನೋಡಿದೆ. ಬಂದದ್ದು ನನ್ನದೇ ದನಿ. ಆ ಕಡೆ ಹುಡುಗಿ ಕಾಯುತ್ತಿದ್ದಳು.

“ಜೋರಿತ್ತು,” ಎಂದೆ. “ಕೆಳಗೆ ಬಸ್ ಸ್ಟಾಪಿಗೂ ಕೇಳುವಷ್ಟು ಜೋರಿತ್ತು, ಪುಟ್ಟಿ.”